ನಿಂತಲ್ಲೇ ಹತ್ತು ಸಾವಿರ ಹೆಜ್ಜೆ

ತಾಪತ್ರಯಕ್ಕೆಲ್ಲ ಮೂಲ ಪಾದ್ರಿಗಳ ಎಡಗೈಗೆ ಬಿಗಿದಿದ್ದ ಆ ಕರಿ ಪಟ್ಟಿ. ತಮ್ಮ ಪಾದ್ರಿಗಳ ಹೊಟ್ಟೆ ನೋಡಿ ಗಾಬರಿಯಾದ ಬಿಷಪ್ಪರು 'ಹಗುರ ದೇಹ, ಹಗುರ ಆತ್ಮ' ಎಂಬ ಅಭಿಯಾನ ಹೂಡಿ, ಹೆಜ್ಜೆ ಎಣಿಸುವ ಪಟ್ಟಿಯನ್ನು ಎಲ್ಲರ ಕೈಗೂ ಕಟ್ಟಿಸಿದ್ದರು. ತಿಂಗಳಿಗೊಮ್ಮೆಯಾದರೂ ಒಂದೇ ದಿನದಲ್ಲಿ ಹತ್ತು ಸಾವಿರ ಹೆಜ್ಜೆ ಹಾಕಬೇಕು. ಎಣಿಕೆ ನೇರ ಬಿಷಪ್ಪರ ಕಚೇರಿಗೆ ಹೋಗುತ್ತದೆ. ತಪ್ಪಿದವರಿಗೆ ಬೆಟ್ಟದ ಮೇಲೆ ಒಂದು ತಿಂಗಳ ಶಿಬಿರ: ಬೆಳಗಿನ ಐದಕ್ಕೆ ಓಟ, ಮೂರು ಹೊತ್ತೂ ಉಪ್ಪಿಲ್ಲದ ಎಲೆಕೋಸು.

ಗಡುವಿನ ಕೊನೆಯ ದಿನ ಭಾನುವಾರ. ಮಂಚದಿಂದ ತಿಂಡಿಯ ಮೇಜಿನವರೆಗೆ ಬಂದು ಪಟ್ಟಿ ನೋಡಿದರೆ, ನಲವತ್ತೊಂದು!

"ಆರಾಧನೆ ಮುಗಿದ್ಮೇಲೆ ನಡೀರಿ," ಅಂದಳು ಹೆಂಡತಿ, ಬೆಣ್ಣೆ ಡಬ್ಬಿಯನ್ನು ಅವರ ಕೈಗೆಟುಕದಂತೆ ಸರಿಸುತ್ತಾ.

"ಮಂಡಿ ಕೇಳ್ಬೇಕಲ್ಲೇ!"

"ಹಾಗಾದ್ರೆ ಎಲೆಕೋಸಿಗೆ ರೆಡಿಯಾಗಿ."

ಚರ್ಚಿನಲ್ಲಿ ಪಾದ್ರಿಗಳ ಪ್ರಸಂಗ ಶುರುವಾಗಿ ಐದು ನಿಮಿಷವಾಗಿರಬೇಕು. "ಇಸ್ರಾಯೇಲ್ಯರು ಅರಣ್ಯದಲ್ಲಿ ನಡೆದರು! ನಡೆದರು!" ಎಂದು ಕೈ ಬೀಸುತ್ತಿದ್ದ ಪಾದ್ರಿಗಳ ಕಣ್ಣು ಪಟ್ಟಿಯ ಮೇಲೆ ಬಿತ್ತು. ಐನೂರ ಹತ್ತು! ಅರೆ, ಇವರು ನಿಂತಲ್ಲಿಂದ ಅಲ್ಲಾಡಿಲ್ಲ. ಇನ್ನೊಮ್ಮೆ ಬೀಸಿ ನೋಡಿದರು. ಒಂದು ಬೀಸಿಗೆ ಒಂದು ಹೆಜ್ಜೆ. ಆಹಾ, ದೇವರ ಕೃಪೆ ಅಂದರೆ ಇದು!

ಆಮೇಲೆ ಕೇಳಬೇಕೆ? ಕಾಲು ಗಂಟೆಯ ಪ್ರಸಂಗ ಒಂದು ಗಂಟೆ ದಾಟಿತು. ಇಸ್ರಾಯೇಲ್ಯರು ನಲವತ್ತು ವರ್ಷ ಅಲೆದದ್ದನ್ನು ಪಾದ್ರಿಗಳು ಒಂದೊಂದೇ ವರ್ಷವಾಗಿ ವಿವರಿಸಿದರು. ಎಡಗೈ ನೊಣ ಓಡಿಸುವಂತೆ ಬೀಸುತ್ತಲೇ ಇತ್ತು. ಮಕ್ಕಳು ಅತ್ತೂ ಅತ್ತೂ ನಿದ್ದೆಹೋದವು. ಆರ್ಗನ್ ಮೇಷ್ಟ್ರು ಸೂಚನೆ ಕೊಡಲೆಂದು ಮುಕ್ತಾಯದ ಹಾಡು ನುಡಿಸಿದರೆ, ಪಾದ್ರಿಗಳು ಅದರ ತಾಳಕ್ಕೇ ಇನ್ನೂರು ಬೀಸಿದರು.

ಮುಂದಿನ ಸಾಲಿನಲ್ಲಿದ್ದ ಸಭೆಯ ಹಿರಿಯರು ತಡೆಯಲಾರದೆ ಎದ್ದರು. "ಅಯ್ಯನೋರೇ, ಗಂಟೆ ಹನ್ನೆರಡಾಯ್ತು!"

"ಕೂತ್ಕೊಳಿ ಹಿರಿಯರೇ, ಇನ್ನೂ ಇಪ್ಪತ್ತೆರಡನೇ ವರ್ಷ!"

ಹಿರಿಯರು ಕುಸಿದು ಕೂತರು.

ಮಧ್ಯಾಹ್ನ ಒಂದರ ಹೊತ್ತಿಗೆ ಪಟ್ಟಿ ಹತ್ತು ಸಾವಿರ ತೋರಿಸಿತು. "ಆಮೆನ್!" ಎಂದು ಪಾದ್ರಿಗಳು ಕೂಗಿದ ರಭಸಕ್ಕೆ ಗೊರಕೆ ಹೊಡೆಯುತ್ತಿದ್ದವರೆಲ್ಲ ಬೆಚ್ಚಿಬಿದ್ದರು. ಪಾಪ, ಇಸ್ರಾಯೇಲ್ಯರನ್ನು ನಡುದಾರಿಯಲ್ಲೇ ಕೈಬಿಟ್ಟರು.

ಮನೆಗೆ ಬಂದು ಕೇಕಿನ ಎರಡನೇ ತುಂಡಿಗೆ ಬಾಯಿ ಹಾಕುವಷ್ಟರಲ್ಲಿ ಬಿಷಪ್ಪರ ಫೋನು.

"ಶಹಬ್ಬಾಸ್! ಹತ್ತು ಸಾವಿರ ದಾಟ್ಸಿದೀರಿ. ನಿಯಮದ ಪ್ರಕಾರ ನೀವು ಶಿಬಿರಕ್ಕೆ ಬರಬೇಕಾಗಿಲ್ಲ."

ಪಾದ್ರಿಗಳಿಗೆ ಕುಣಿದಾಡುವಷ್ಟು ಖುಷಿಯಾಯಿತು.

"ಆದ್ರೆ ನಿಮ್ಮ ಸಭೆಯೋರ ಪ್ರೀತಿ ನೋಡಿ ನನ್ನ ಕಣ್ಣು ತುಂಬಿ ಬಂತು. 'ಅಯ್ಯನೋರ ಆರೋಗ್ಯ ನಮಗೆ ಮುಖ್ಯ. ಇವತ್ತೇ ಕರ್ಕೊಂಡ್ಹೋಗಿ, ಒಂದಲ್ಲ, ಮೂರು ತಿಂಗಳು ಇಟ್ಕೊಳಿ' ಅಂತ ಇಡೀ ಸಭೆ ಸಹಿ ಹಾಕಿ, ಫೋಟೊ ಹೊಡೆದು ಕಳ್ಸಿದೆ. ನೀವು ಪ್ರಸಂಗ ಮಾಡ್ತಿರೋವಾಗ್ಲೇ ಬರೆದ್ರಂತೆ! ಇಂಥ ಪ್ರೀತಿನ ಹೇಗ್ರಿ ತಳ್ಳಿಹಾಕ್ಲಿ? ಕಾರು ಹೊರಟಿದೆ."

ಪಾದ್ರಿಗಳ ಕೈಯ ಕೇಕು ತಟ್ಟೆಗೆ ಬಿತ್ತು. "ಗೊತ್ತಾಯ್ತು, ಇದು ಆ ಹಿರಿಯರದ್ದೇ ಕೆಲಸ! ಮೊದಲ ಸಹಿ ಅವರದ್ದೇ ತಾನೇ?"

"ಛೆ ಛೆ, ಅವರದು ಎರಡನೇದು. ಮೊದಲನೇದು ನಿಮ್ಮ ಮನೆಯೋರದ್ದು."