ಮಾರಿ ನೋಡಿ ಖೋಲಿ ಕೊಡುವ ಮಾವ

ನನ್ನ ಸೋದರಮಾವನ ಲಾಡ್ಜಿನಲ್ಲಿ ಖೋಲಿ ಸಿಗುವುದಕ್ಕಿಂತ ನಮ್ಮ ಕಡೆ ಮದುವೆಗೆ ಹೆಣ್ಣು ಸಿಗುವುದು ಸುಲಭ. ಹೆಣ್ಣಿನ ಮನೆಯವರಾದರೂ ಫೋಟೊ ನೋಡಿ ಮಾತು ಮುಂದುವರಿಸುತ್ತಾರೆ. ಮಾವನಿಗೆ ಆಸಾಮಿಯೇ ಎದುರು ನಿಲ್ಲಬೇಕು! “ಯಾವೂರು? ಯಾರ ಪೈಕಿ? ಊಟ ಆತೇನ್ರಿ?” ಉತ್ತರ ಮನಸ್ಸಿಗೆ ಬಂದರೆ ಕೀಲಿಕೈ.

ಶಿಗ್ಗಾಂವದ ಹೈವೇ ಪಕ್ಕದ ಈ ನಾಲ್ಕು ಖೋಲಿಯ ಲಾಡ್ಜನ್ನು ಮಾವನ ಮಗಳು ಆನ್‌ಲೈನ್ ಬುಕಿಂಗಿಗೆ ಸೇರಿಸಿ ಗಂಡನ ಮನೆಗೆ ಹೋದಳು. ಬಂದ ಬುಕಿಂಗನ್ನೆಲ್ಲ ಮಾವ ತಿರಸ್ಕರಿಸಿದರು. ಬುಕಿಂಗ್ ಕಂಪನಿಯಾಕೆ ಫೋನ್ ಮಾಡಿದಳು.

“ಸರ್, ಹೀಗೇ ಮಾಡಿದ್ರೆ ನಿಮ್ಮ ಲಾಡ್ಜ್ ಲಿಸ್ಟಲ್ಲಿ ಕೆಳಗೆ ಹೋಗುತ್ತೆ.”

“ಎಲ್ಲಿ ಹೊಕ್ಕೈತಿ ತಂಗಿ, ಪಾಯಾ ನಾನ ನಿಂತ ಹಾಕಿಸೇನಿ.”

ಖೋಲಿ ಸಿಗದವನೊಬ್ಬ ಒಂದೇ ನಕ್ಷತ್ರ ಕೊಟ್ಟು, ‘ಮಾಲೀಕರಿಗೆ ತಲೆ ಸರಿಯಿಲ್ಲ’ ಎಂದು ಬರೆದ. ನಾನೇ ಓದಿ ಹೇಳಿದೆ.

“ನನ್ನ ಮಾರಿ ನೋಡ್ಲಾರ್ದ ಹೆಂಗ ಗೊತ್ತಾತಲೇ ಅವಂಗ?”

ಆಮೇಲೆ ಮೊಬೈಲನ್ನು ಟವೆಲಿನಲ್ಲಿ ಸುತ್ತಿ ಹಾಸಿಗೆಗಳ ರಾಶಿಯೊಳಗೆ ತುರುಕಿದರು. ತಿರಸ್ಕರಿಸುವುದೂ ನಿಂತಿತು. ಅಂದರೆ, ಬುಕಿಂಗುಗಳು ತಾವಾಗಿಯೇ ಖಾಯಂ ಆಗತೊಡಗಿದವು!

ಹೀಗಿರಲು ಒಂದು ಸಂಜೆ ದಾವಣಗೆರೆ ಕಡೆಯ ಮದುವೆ ದಿಬ್ಬಣ ಬಸ್ಸಿನಿಂದ ಇಳಿಯಿತು. ಅವರ ಮೊಬೈಲಿನ ಪ್ರಕಾರ ನಾಲ್ಕೂ ಖೋಲಿ ಅವರವು. ನಾಲ್ಕರಲ್ಲೂ ಆಗಲೇ ಮೆಣಸಿನಕಾಯಿ ವ್ಯಾಪಾರಸ್ಥರು ಅಂಗಿ ಕಳಚಿ ಕುಳಿತಿದ್ದರು. ಮಾವ ಹಾಗೆಂದು ಹೇಳಿದ್ದೇ ತಡ, ವರನ ಚಿಕ್ಕಪ್ಪ ಕಬ್ಬಿಣದ ಕುರ್ಚಿಯನ್ನು ತಲೆಯ ಮೇಲಕ್ಕೆ ಎತ್ತಿದ. ಎಂ.ಕಾಂ. ಪಾಸಾದ ನಾನು ಮಾವನ ಬೆನ್ನ ಹಿಂದೆ ನೆಲಕ್ಕೆ ಕುಕ್ಕರಿಸಿದೆ. ಇಂದಿಗೂ ಕಣ್ಣು ಮುಚ್ಚಿದರೆ ಆ ಕುರ್ಚಿಯ ನಾಲ್ಕು ಕಾಲುಗಳು ನನ್ನ ನೆತ್ತಿಯತ್ತಲೇ ಇಳಿಯುತ್ತವೆ.

“ಸರೀರಿ ಆ ಕಡೆ! ಒಳಗೆ ಹೋಗಿ ನೋಡ್ತೀನಿ.”

“ಸರಿಯಂಗಿಲ್ರಿ.”

ಮಾವನ ಧೋತರದ ಅಂಚು ನನ್ನ ಮೂಗಿನ ಮುಂದೆ ನಡುಗುತ್ತಿತ್ತು. ಪಾದ ಮಾತ್ರ ಕದಲಲಿಲ್ಲ. ಇಂಥ ಹೊತ್ತಿನಲ್ಲೂ ಹಟವೇ? ಆಮೇಲೆ ಅವರ ಧ್ವನಿ ಕೇಳಿತು.

“ಊಟ ಆತೇನ್ರಿ?”

ಎತ್ತಿದ ಕುರ್ಚಿಯ ಕೆಳಗಿನಿಂದಲೇ ಚಿಕ್ಕಪ್ಪ ಹೇಳಿದ.

“ಎಲ್ಲಿ ಊಟಾರೀ, ಬೆಳಗ್ಗಿಂದ ಬಸ್ಸಲ್ಲೇ ಇದೀವಿ.”

“ಹಂಗಾರ ಕುರ್ಚಿ ಇಳಸ್ರಿ. ಕುಂತ ಉಣ್ಣಾಕ ಬೇಕಾಕ್ಕೈತಿ.”

ಕುರ್ಚಿ ಇಳಿಯಿತು. ಹಿಂದಿನ ಮನೆಯಿಂದ ಅತ್ತೆ ರೊಟ್ಟಿ, ಝುಣಕ ತಂದರು. ವ್ಯಾಪಾರಸ್ಥರೂ ಪಂಕ್ತಿಗೆ ಕುಳಿತರು. ದಿಬ್ಬಣ ಮಾವನ ಮನೆಯಲ್ಲಿ ಮಲಗಿತು. ಮಾವ ಅವರ ಬಸ್ಸಿನಲ್ಲಿ! ಚಿಕ್ಕಪ್ಪ ಬೆಳಿಗ್ಗೆ ಮಾವನ ಕೈ ಹಿಡಿದು ಮದುವೆಗೆ ಬರಲು ಹೇಳಿ ಹೋದ.

ಕಂಪನಿಯವರು ಲಾಡ್ಜಿನ ಹೆಸರನ್ನೇ ಪಟ್ಟಿಯಿಂದ ತೆಗೆದುಹಾಕಿದರು. ಮಾವ ಆ ಖುಷಿಗೆ ಮಿರ್ಚಿ ಭಜಿ ತರಿಸಿದರು. ತಿನ್ನುತ್ತಾ ನಾನು ಕೇಳಿಯೇಬಿಟ್ಟೆ.

“ಮಾಮಾ, ಕುರ್ಚಿ ಎತ್ತಿದಾಗರ ಸರದ ನಿಂದ್ರಬೇಕಿಲ್ರಿ? ಅಷ್ಟ್ಯಾಕ ಹಟಾ ಮಾಡಿದ್ರಿ?”

ಮಾವ ಮಿರ್ಚಿಯ ತೊಟ್ಟು ಕಿತ್ತು ಪಕ್ಕಕ್ಕಿಟ್ಟರು.

“ಹಟಾ ಎಲ್ಲೀದಲೇ? ಓಡಿ ಹೋಗಾಂವನ ಇದ್ನಿ. ಹಿಂದ ನೀ ಕುಂತಿದ್ದಿ.”