ಭುಜಂಗಣ್ಣನ ಗುಪ್ತ ಮಿಸಳ್

ಡಾಕ್ಟರು ಹೇಳಿದ್ದು ಖಾರ ಕಡಿಮೆ ಮಾಡಿ ಎಂದಷ್ಟೇ. ಹೆಂಡತಿ ರಾಜೀವಿ ಮಾಡಿದ ಅರ್ಥ: ಇನ್ನು ಗಂಜಿಯೇ ಗತಿ. ಮರಾಠಿ ಊರಾದ ಕಾತ್ರಜದಲ್ಲಿ ಸ್ವಂತ ಹೋಟೆಲಿನ ಗಲ್ಲಾದಲ್ಲಿ ಕೂತು, ಊರಿಗೆಲ್ಲ ಮಸಾಲೆದೋಸೆ ತಿನ್ನಿಸಿ, ತಾನು ಗಂಜಿ ಕುಡಿಯುವ ಭುಜಂಗಣ್ಣನ ಸಂಕಟ ಶತ್ರುವಿಗೂ ಬೇಡ. (ಉಪ್ಪಿನಕಾಯಿಯನ್ನೂ ತೊಳೆದು ಕೊಡುತ್ತಿದ್ದಳು, ಮಹಾತಾಯಿ!)

ರಸ್ತೆಯಾಚೆಯ ಅಂಗಡಿಯ ಮಿಸಳ್, ಅಂದರೆ ಪಾವ್ ಬ್ರೆಡ್ಡು ಅದ್ದಿ ತಿನ್ನುವ ಖಾರದ ಕಾಳುಸಾರು, ಅದರ ಮೇಲೆಯೇ ಅವನ ಪ್ರಾಣ. ಗೆಳೆಯ ಸದಾನಂದನಿಗೆ ಮೆಸೇಜು ಹಾಕಿ ಕರೆಯೋಣವೆಂದರೆ, ದಾರಿಯಲ್ಲಿ ಯಾರಾದರೂ ಓದಿ ರಾಜೀವಿಗೆ ಚಾಡಿ ಹೇಳಿದರೆ? ಮಗಳು ಪ್ರಣೀತಾ ಧೈರ್ಯ ತುಂಬಿದಳು.

"ಅದಕ್ಕೇ ಎನ್‌ಕ್ರಿಪ್ಶನ್ ಇರುವುದಪ್ಪಾ. ಮೆಸೇಜು ಹೊರಡುವಾಗಲೇ ಅಕ್ಷರವೆಲ್ಲ ಕಲಸುಮೇಲೋಗರ ಆಗ್ತದೆ. ಸರಿ ಮಾಡುವ ಕೀಲಿಕೈ ಸದಾನಂದ ಮಾಮನ ಫೋನಿನಲ್ಲಿ ಮಾತ್ರ ಉಂಟು."

"ನಿನ್ನ ಅಮ್ಮ ದಾರಿಯಲ್ಲಿ ಅಡ್ಡ ನಿಂತರೂ?"

"ನಿಂತರೂ!"

ಭುಜಂಗಣ್ಣನ ಎದೆ ಉಬ್ಬಿತು. ಮರುದಿನ ಬೆಳಿಗ್ಗೆ ಫೋನು ಹಿಡಿದ. ಅವನ ದಪ್ಪ ಬೆರಳಿಗೆ ಟೈಪು ಒಗ್ಗದು. ಮೈಕಿನ ಗುರುತು ಒತ್ತಿ ಬಾಯಲ್ಲೇ ಹೇಳಿದ. ಗಲ್ಲಾದಿಂದ ಅಡುಗೆಮನೆಗೆ ಕೂಗಿ ಕೂಗಿ ಪಳಗಿದ ಗಂಟಲದು.

"ಸದಾನಂದಾ! ಹನ್ನೊಂದು ಗಂಟೆಗೆ ಎದುರಿನ ಅಂಗಡಿ! ಎರಡು ಮಿಸಳ್, ಖಾರ ಜಾಸ್ತಿ! ರಾಜೀವಿಗೆ ಗೊತ್ತಾಗಬಾರದು!"

ಧಣಿಯ ಬಾಯಿಂದ ತಿಂಡಿಯ ಹೆಸರು ಬಿದ್ದರೆ ಒಳಗೆ ದಾಟಿಸುವುದು ಸಪ್ಲೈಯರ್ ಮಿಥುನನ ಧರ್ಮ. ಕೂಗಿಯೇ ಬಿಟ್ಟ: "ಎರಡು ಮಿಸಳ್, ಖಾರ ಜಾಸ್ತಿ, ರಾಜೀವಕ್ಕನಿಗೆ ಗೊತ್ತಾಗಬಾರದು!"

ಒಲೆಯ ಮುಂದಿನ ಭಟ್ಟರು ಪಕ್ಕಕ್ಕೆ ತಿರುಗಿದರು. "ರಾಜೀವಕ್ಕಾ, ನಮ್ಮಲ್ಲಿ ಮಿಸಳ್ ಎಲ್ಲುಂಟು? ಅದೂ ನಿಮಗೆ ಗೊತ್ತಾಗಬಾರದಂತೆ!"

ಭುಜಂಗಣ್ಣನಿಗೆ ಇದಾವುದೂ ಕೇಳಿಸಲಿಲ್ಲ. ಫೋನಿನ ಮೇಲಿನ ಬೀಗದ ಚಿತ್ರ ನೋಡುತ್ತಾ ಮೈಮರೆತಿದ್ದ.

ಹನ್ನೊಂದಕ್ಕೆ ರಸ್ತೆ ದಾಟಿದ. "ಯಾ ಶೇಟ್, ಬಸಾ!" ಎಂದು ಮರಾಠಿಯಲ್ಲಿ ಕರೆದು ಕೂರಲು ಹೇಳಿದ ಅಂಗಡಿಯವ. ಕೂರಲು ಹೋದರೆ, ಸದಾನಂದನ ಎದುರು ರಾಜೀವಿ! ಪಾವ್ ಅದ್ದಿ ಅದ್ದಿ, ಗಂಡನ ಪಾಲಿನ ಮಿಸಳನ್ನು ಮುಗಿಸುತ್ತಿದ್ದಳು.

"ಬನ್ನಿ, ಕೂತ್ಕೊಳ್ಳಿ. ಭಾರೀ ಲಾಯ್ಕುಂಟು."

ಭುಜಂಗಣ್ಣ ಗೆಳೆಯನನ್ನು ದುರುಗುಟ್ಟಿ ನೋಡಿದ. "ಇವಳಿಗೆ ಕೀಲಿಕೈ ಕೊಟ್ಟೆಯಾ, ದ್ರೋಹೀ?"

"ಕೀಲಿಕೈ ಎಂತಕ್ಕೆ ಮಾರಾಯ್ರೇ? ಬೀಗ ಹಾಕುವ ಮೊದಲೇ ಇಡೀ ಹೋಟೆಲಿಗೆ ಬಡಿಸಿದ್ರಲ್ಲ!" ರಾಜೀವಿ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಮುಂದಿಟ್ಟಳು. "ಇದು ನೋಡಿ ಗುಟ್ಟು. ನಾನೇ ಮುಚ್ಚಿದ್ದು, ನೀವೇ ತೆಗೆಯಬೇಕು. ದಾರಿಯಲ್ಲಿ ಯಾರೂ ಮುಟ್ಟಿಲ್ಲ."

ಭುಜಂಗಣ್ಣ ಮುಚ್ಚಳ ತೆಗೆದ. ಗಂಜಿ ಹಾಗೇ ಇತ್ತು. ದಾರಿಯಲ್ಲಿ ಕದಿಯುವ ಪುಣ್ಯಾತ್ಮ ಒಬ್ಬನೂ ಸಿಕ್ಕಿರಲಿಲ್ಲ.