ಮೊಲದ ಬೇಟೆಗೆ ತಾಳಮದ್ದಲೆಯ ನೆಪ

ಮದುವೆಯಾದ ಗಂಡಸು ರಾತ್ರಿ ಊಟವಾದ ಮೇಲೆ ಹೊಸ್ತಿಲು ದಾಟಬೇಕೆಂದರೆ ಅವನಿಗೊಂದು ಮರ್ಯಾದಸ್ಥ ನೆಪ ಬೇಕು. ಹಗಲು ಹೊತ್ತಿಗೆ ನೆಪಗಳಿಗೆ ಬರವಿಲ್ಲ. ಪೇಟೆ, ಪೋಸ್ಟು, ಕಚೇರಿ ಎಂದು ಏನು ಹೇಳಿದರೂ ನಡೆಯುತ್ತದೆ. ರಾತ್ರಿಯ ನೆಪಗಳು ಬಹಳ ಕಡಿಮೆ. ಇದ್ದವನ್ನೆಲ್ಲ ನಾನು ಒಂದೊಂದಾಗಿ ತೂಗಿ ನೋಡಿದವನು. ಸತ್ತವರ ಮನೆಗೆ ಮಾತಾಡಿಸಲು ಹೋಗುತ್ತೇನೆ ಎಂದರೆ ವಾರ ವಾರ ಯಾರಾದರೂ ಸಾಯಬೇಕಾಗುತ್ತದೆ. ಕಾಯಿಲೆಯವರನ್ನು ನೋಡಲು ಎಂದರೆ ಹೆಂಡತಿಯೂ ಗಂಜಿಯ ಪಾತ್ರೆ ಹಿಡಿದು ಹಿಂದೆಯೇ ಹೊರಡುತ್ತಾಳೆ. ಕೊನೆಗೆ ನನಗೆ ಒಗ್ಗಿದ್ದು ತಾಳಮದ್ದಲೆ. ನಮ್ಮ ಶಿರಸಿ, ಸಿದ್ದಾಪುರದ ಕಡೆ ತಾಳಮದ್ದಲೆಗೆ ಹೋಗುತ್ತೇನೆಂದರೆ ದೇವರ ಕೆಲಸಕ್ಕೆ ಹೊರಟಷ್ಟೇ ಗೌರವ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ನಾಲ್ಕಾರು ಜನ ಒಬ್ಬರು ರಾಜ, ಒಬ್ಬರು ಮಂತ್ರಿ ಎಂದು ಪಾತ್ರ ಹಂಚಿಕೊಂಡು ಬರೀ ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಊಟವಾದ ಮೇಲೆ ಶುರುವಾದದ್ದು ಮುಗಿಯುವುದು ಬೆಳಗಿನ ಜಾವಕ್ಕೆ. ಇಂದು ಒಬ್ಬರ ಮನೆ, ಮುಂದಿನ ವಾರ ಇನ್ನೊಬ್ಬರ ಮನೆ. ಇಷ್ಟು ಅನುಕೂಲದ ನೆಪ ಬೇರೆ ಯಾವ ಸೀಮೆಯ ಗಂಡಸರಿಗೂ ಇರಲಿಕ್ಕಿಲ್ಲ.

ನಾನು ಹೇಳುತ್ತಿರುವುದು ಮೂವತ್ತರ ದಶಕದ ಮಾತು. ಆಗ ನಾನು ಶಿರಸಿಯಲ್ಲಿ ಕನ್ನಡ ಶಾಲೆಯ ಮಾಸ್ತರ. ಹುಬ್ಬಳ್ಳಿಗೆ ಹೋಗಿದ್ದಾಗ ಆಸೆ ತಡೆಯಲಾರದೆ ಒಂದು ಬ್ಯಾಟರಿ ಕೊಂಡು ತಂದಿದ್ದೆ. ಮೂರು ಶೆಲ್ಲಿನದು, ಹೊಳೆಯುವ ಮೈ, ಉದ್ದನೆಯ ಬೆಳಕು. ನಮ್ಮ ಓಣಿಯಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ. ಯಾರ ಮನೆಯಲ್ಲಿ ಬೆಕ್ಕು ಮಾಳಿಗೆ ಹತ್ತಿದರೂ ನನಗೆ ಕರೆ ಬರುತ್ತಿತ್ತು. ಹೀಗೆಯೇ ಒಂದು ಸಂಜೆ ಕರೆಯಲು ಬಂದವರು ಹುಸೇನ್ ಸಾಹೇಬರು. ಶಿರಸಿಯಿಂದ ಯಲ್ಲಾಪುರಕ್ಕೆ ಸರ್ವಿಸ್ ಮೋಟಾರು ಓಡಿಸುವವರು, ನಮ್ಮ ಮನೆಯಿಂದ ನಾಲ್ಕನೇ ಮನೆ. ಅವರ ತಂದೆಯ ಕಾಲದ ಒಂದು ಕೇಪಿನ ಕೋವಿ ಇತ್ತು, ಲೈಸೆನ್ಸೂ ಇತ್ತು. ಇಲ್ಲದಿದ್ದದ್ದು ಬೆಳಕು ಹಿಡಿಯುವ ಜನ. ‘ಮಾಸ್ತರ್ರ, ಶನಿವಾರ ಮೊಲಕ್ಕ ಹೊಂಟೇನಿ. ನೀವು ಬ್ಯಾಟರಿ ತಗೊಂಡು ಸುಮ್ಮನ ಬರ್ರಿ. ನಿಮ್ಮ ಕೈಗೆ ಪಾಪ ಹತ್ತೂದಿಲ್ಲ, ಬರೇ ಬೆಳಕು ಹತ್ತತೈತಿ’ ಎಂದರು. ನಮ್ಮದು ಬದನೆಕಾಯಿಯಲ್ಲಿ ಹುಳು ಕಂಡರೆ ಅದನ್ನು ಎಲೆಯ ಮೇಲಿಟ್ಟು ಬೇಲಿಯಾಚೆ ಬಿಟ್ಟು ಬರುವ ಮನೆತನ. ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ಎಷ್ಟು ಹೊತ್ತಿಗೆ ಹೊರಡುವುದು ಎಂಬ ಮಾತು ಹೊರಗೆ ಬಂತು.

ಹೀಗೆ ಶನಿವಾರದ ತಾಳಮದ್ದಲೆ ಶುರುವಾಯಿತು. ಊರು ದಾಟಿ, ಗದ್ದೆ ಬಯಲು ದಾಟಿ, ಹುಲ್ಲು ಬೆಳೆದ ಬೇಣಗಳಲ್ಲಿ ನಾವಿಬ್ಬರೂ ಅಲೆಯುತ್ತಿದ್ದೆವು. ನಾನು ಬ್ಯಾಟರಿಯನ್ನು ಕಿವಿಯ ಪಕ್ಕಕ್ಕೆ ಹಿಡಿದು ನಿಧಾನವಾಗಿ ಸುತ್ತ ತಿರುಗಿಸಬೇಕು. ಎಲ್ಲಿ ಕಣ್ಣು ಹೊಳೆಯಿತೋ ಅಲ್ಲಿ ಬೆಳಕು ನಿಲ್ಲಬೇಕು. ಮೊಲದ ಕಣ್ಣು ಕೆಂಡದ ಚೂರು. ಬೆಳಕು ಬಿದ್ದೊಡನೆ ಅದು ಓಡುವುದನ್ನು ಮರೆತು ಕುಳಿತುಬಿಡುತ್ತದೆ. ಹುಸೇನ್ ಸಾಹೇಬರಿಗೆ ಕಷ್ಟ ಶುರುವಾಗುವುದು ಗುಂಡು ಹಾರಿಸಿದ ಮೇಲೆ. ಮೊಲದ ಜೀವ ಹೋಗುವ ಮೊದಲೇ ಓಡಿ, ದೇವರ ಹೆಸರು ಹೇಳಿ ಚೂರಿ ಹಾಕದಿದ್ದರೆ ಅದು ಅವರ ಮನೆಗೆ ಸಲ್ಲದು. ದಪ್ಪ ಮೈಯ ಆ ಮನುಷ್ಯ ಒಂದು ಕೈಯಲ್ಲಿ ಕೋವಿ, ಇನ್ನೊಂದರಲ್ಲಿ ಚೂರಿ ಹಿಡಿದು ಹುಲ್ಲಿನಲ್ಲಿ ಮುಗ್ಗರಿಸುತ್ತ ಓಡುವಾಗ ನಾನು ಅವರ ಕಾಲಿಗೊಮ್ಮೆ, ಮೊಲಕ್ಕೊಮ್ಮೆ ಬೆಳಕು ಬಿಡಬೇಕಾಗಿತ್ತು. ಎಷ್ಟೋ ಸಲ ಮೊಲ ಸಿಗುತ್ತಿರಲಿಲ್ಲ, ಚೂರಿಯನ್ನು ಹುಡುಕಿಕೊಂಡು ಬರುತ್ತಿದ್ದೆವು.

ಸಿಕ್ಕ ದಿನ ಇನ್ನೊಂದು ಪೇಚು. ಬೇಟೆಯಲ್ಲಿ ಕೋವಿಗೆ ಪಾಲಿದ್ದ ಹಾಗೆ ದೀಪಕ್ಕೂ ಪಾಲಿದೆ. ನಾನು ಬೇಡವೆಂದು ಕೈ ಮುಗಿದರೆ ಸಾಹೇಬರು ಸುತರಾಂ ಒಪ್ಪುತ್ತಿರಲಿಲ್ಲ. ‘ದೀಪದ ಪಾಲು ಬಿಡಬಾರದ್ರಿ ಮಾಸ್ತರ್ರ. ಬಿಟ್ರ ಮುಂದಿನ ಸಲ ದೀಪಕ್ಕ ಒಂದ ಕಣ್ಣೂ ಬೀಳೂದಿಲ್ಲ’ ಎಂದು ಮುತ್ತುಗದ ಎಲೆಯಲ್ಲಿ ನನ್ನ ಪಾಲನ್ನು ಬೇರೆಯೇ ಕಟ್ಟಿಡುತ್ತಿದ್ದರು. ನಾನು ಮುಖ ಆಚೆ ತಿರುಗಿಸಿ ಎಲೆಯ ತುದಿಯನ್ನು ಕಿರುಬೆರಳಿನಿಂದ ಮುಟ್ಟಿ, ‘ಮುಟ್ಟಿತು, ಇನ್ನು ನಿಮ್ಮ ಮನೆಯ ಮಕ್ಕಳಿಗೆ’ ಎನ್ನುತ್ತಿದ್ದೆ. ನಂತರ ಬಚ್ಚಲಿಗೆ ಹೋಗಿ ಸ್ನಾನ. ತಾಳಮದ್ದಲೆಯಿಂದ ಬಂದವನು ನಸುಕಿನಲ್ಲಿ ತಣ್ಣೀರು ಸುರಿದುಕೊಳ್ಳುವುದನ್ನು ಕಂಡು ನನ್ನ ಹೆಂಡತಿ ಗೋದಾವರಿ ಏನೂ ಕೇಳದೆ ಹಂಡೆಗೆ ಬೆಂಕಿ ಹಾಕಲು ಏಳುತ್ತಿದ್ದಳು.

ನಿಜ ಹೇಳಬೇಕೆಂದರೆ ನನಗೆ ಮೊಲ ಸಿಕ್ಕರೂ ಸಿಗದಿದ್ದರೂ ಒಂದೇ. ನನಗೆ ಬೇಕಾಗಿದ್ದು ಆ ಕಣ್ಣುಗಳು. ಹುಲ್ಲಿನ ಬುಡದಲ್ಲಿ ಜೇಡದ ಕಣ್ಣು ಹಸಿರು ಕಿಡಿಯಂತೆ ಮಿನುಗುತ್ತದೆ. ದಾರಿಯ ಧೂಳಿನಲ್ಲಿ ಕೆಂಪಗೆ ಹೊಳೆದದ್ದು ಮೊಲವೆಂದು ಹತ್ತಿರ ಹೋದರೆ ಹಕ್ಕಿಯೊಂದು ಸದ್ದಿಲ್ಲದೆ ಎದ್ದು ಹಾರುತ್ತದೆ. ಒಮ್ಮೆ ಮರದ ಕವಲಿನಲ್ಲಿ ಎರಡು ದೊಡ್ಡ ದುಂಡು ಕಣ್ಣು ಕಂಡು ಸಾಹೇಬರು ಪ್ರಾರ್ಥನೆ ಶುರುಮಾಡಿದ್ದರು. ಆಮೇಲೆ ನೋಡಿದರೆ ಅಂಗೈಯಗಲದ ಕಾಡುಪಾಪ, ನಮ್ಮನ್ನು ಕಂಡು ನಮಗಿಂತ ಹೆಚ್ಚು ಹೆದರಿತ್ತು. ಇನ್ನೊಮ್ಮೆ ಸಾಹೇಬರ ಮೋಟಾರು ಹತ್ತಿ ಹೋದಾಗ ಯಲ್ಲಾಪುರದ ದಾರಿಯ ಪಕ್ಕ, ಚಂದಗುಳಿಯ ಕಡೆ, ಬೆಳಕು ಒಂದು ಕರಿ ಗೋಡೆಗೆ ಬಿತ್ತು. ಗೋಡೆ ಉಸಿರು ಬಿಟ್ಟಿತು. ಕಾಡುಕೋಣ. ಗುಂಡಿ ಒತ್ತಿ ಬೆಳಕು ಆರಿಸಬೇಕೆಂದು ತಲೆ ಹೇಳಿದರೂ ನನ್ನ ಹೆಬ್ಬೆರಳು ಕೇಳಲಿಲ್ಲ. ಅದು ನಮ್ಮನ್ನು ಸಾವಕಾಶ ನೋಡಿ, ಮಾತಾಡಿಸಲು ಲಾಯಕ್ಕಿಲ್ಲದವರು ಎಂದುಕೊಂಡಿತೋ ಏನೋ, ಹುಲ್ಲು ಕೀಳುತ್ತ ಇಳಿಜಾರಿನ ಕಡೆ ನಡೆಯಿತು. ಆ ರಾತ್ರಿ ಮನೆಗೆ ಬಂದು ಮಲಗಿದಾಗ ನನಗಿದ್ದಷ್ಟು ಸುಖ ಯಾವ ಮಾಮಲೇದಾರರಿಗೂ ಇದ್ದಿರಲಾರದು.

ಈ ಸುಖಕ್ಕೆ ಕುತ್ತು ಬಂದದ್ದು ಹೇರೂರಿನಿಂದ. ಅಲ್ಲಿ ನನ್ನ ಮಾವನವರ ಮನೆ. ಅವರು ಸುತ್ತಲಿನ ಊರುಗಳಲ್ಲಿ ಹೆಸರಾದ ಅರ್ಥಧಾರಿ, ಎಂದರೆ ತಾಳಮದ್ದಲೆಯಲ್ಲಿ ಪಾತ್ರವಾಗಿ ಮಾತಾಡುವವರು. ಒಂದು ದಿನ ಅವರು ಶಿರಸಿಗೆ ಬಂದವರು ಊಟಕ್ಕೆ ಕುಳಿತು, ‘ಅಳಿಯ, ನಿಂಗ ವಾರ ವಾರ ತಾಳಮದ್ದಲೆಗೆ ಹೋಗ್ತ್ರಡ. ಗೋದಾವರಿ ಹೇಳ್ಚು. ಮತ್ತೆ ನಮ್ಮನೆಲಿ ಒಂದಿನ ಅರ್ಥ ಹೇಳದೇ ಇದ್ರೆ ಹೆಂಗೆ? ಬಪ್ಪ ಶನಿವಾರ ಇಟ್ಕಂಜಿ. ನಿಂಗ ಬೇಡನ ಪಾತ್ರ ಮಾಡವು’ ಎಂದರು. ಬಡಿಸುತ್ತಿದ್ದ ಗೋದಾವರಿ ನನ್ನ ಎಲೆಗೆ ಇನ್ನೊಂದು ಸೌಟು ತಂಬುಳಿ ಬಿಟ್ಟಳು. ಒಪ್ಪಿಕೊಂಡರೆ ನನಗೆ ಅರ್ಥ ಹೇಳಲು ಬಾರದೆಂದು ನಾಲ್ಕು ಊರಿನ ಜನರ ಎದುರು ಗೊತ್ತಾಗುತ್ತದೆ. ಒಪ್ಪದಿದ್ದರೆ ಇಷ್ಟು ದಿನ ಎಲ್ಲಿಗೆ ಹೋಗುತ್ತಿದ್ದೆ ಎಂಬ ಪ್ರಶ್ನೆ ಬರುತ್ತದೆ. ಮಾವನ ಎದುರು ಮಾನ ಹೋಗುವುದು ಹೇಗೋ ತಡೆದುಕೊಳ್ಳಬಹುದು. ಗೋದಾವರಿಯ ನಂಬಿಕೆ ಹೋದರೆ ಆ ಮನೆಯಲ್ಲಿ ಬದುಕುವುದು ಹೇಗೆ ಎಂದು ನನಗೆ ನಿಜವಾಗಿ ಭಯವಾಯಿತು.

ಬೇಡನ ಪಾತ್ರ ಚಿಕ್ಕದು. ರಾಜನ ಸಭೆಗೆ ಬಂದು, ಕಾಡುಮೃಗಗಳ ಹಾವಳಿ ವಿಪರೀತವಾಗಿದೆ, ಮಹಾಪ್ರಭುಗಳು ಬೇಟೆಗೆ ದಯಮಾಡಿಸಬೇಕು ಎಂದು ಬಿನ್ನವಿಸಿ ಹೋದರೆ ಮುಗಿಯಿತು. ಇಡೀ ವಾರ ಅದನ್ನೇ ಉರು ಹಚ್ಚಿದೆ. ಶನಿವಾರ ಹೇರೂರಿನ ಅಂಗಳದ ತುಂಬ ಜನ. ಹುಸೇನ್ ಸಾಹೇಬರೂ ಬಂದು ಹಿಂದೆ ಕಂಬಕ್ಕೆ ಒರಗಿದ್ದರು. ಬಾಗಿಲ ಸಂದಿಯಲ್ಲಿ ಹೆಂಗಸರು, ಅವರ ನಡುವೆ ಗೋದಾವರಿ. ರಾಜನ ಪಾತ್ರ ಸ್ವತಃ ಮಾವನವರದು. ಭಾಗವತರು ನನ್ನ ಪದ್ಯ ಹಾಡಿ ಮುಗಿಸಿದರು, ಮದ್ದಲೆ ನಿಂತಿತು. ನನಗೆ ಒಂದಕ್ಷರ ನೆನಪಿಲ್ಲ. ಯಾರೋ ಕೆಮ್ಮಿದರು. ಮಾವನವರು ಕನಿಕರಪಟ್ಟು, ‘ಎಲೈ ಬೇಡನೆ, ಕಾಡಿನಲ್ಲಿ ನೀನು ಏನೇನು ಕಂಡೆ, ಹೇಳು’ ಎಂದರು.

ಕಂಡದ್ದನ್ನು ಹೇಳು ಎಂದರೆ ನನ್ನಲ್ಲಿ ಏನು ಕಡಿಮೆ? ಮೊಲದ ಕಣ್ಣಿನಿಂದ ಶುರುಮಾಡಿದೆ. ಗಾಳಿ ಯಾವ ಕಡೆಯಿಂದ ಬೀಸಿದರೆ ಯಾವ ದಿಕ್ಕಿನಿಂದ ಹೋಗಬೇಕು, ಕಾಡುಪಾಪ ಹೇಗೆ ಕೊಂಬೆಯನ್ನು ಅಪ್ಪಿ ಹಿಡಿಯುತ್ತದೆ, ಮುಳ್ಳುಹಂದಿ ನಡೆದರೆ ಎಂಥ ಸದ್ದು ಎಂದು ಒಂದೇ ಸಮನೆ ಹೇಳುತ್ತ ಹೋದೆ. ಕಾಡುಕೋಣದ ಉಸಿರು ಬಂದಾಗ ಅಂಗಳದಲ್ಲಿ ಎಲೆ ಅಡಿಕೆ ಜಗಿಯುವುದೂ ನಿಂತಿತ್ತು. ರಾಜನಿಗೆ ಬಾಯಿ ತೆರೆಯಲು ಎಡೆ ಸಿಗಲಿಲ್ಲ. ಕೊನೆಗೆ ಬೇಟೆಯ ಪಾಲಿಗೆ ಬಂದು, ‘ಮಹಾಪ್ರಭು, ಯಾರ ಪಾಲು ತಪ್ಪಿದರೂ ದೀಪದ ಪಾಲು ತಪ್ಪಬಾರದು’ ಎಂದುಬಿಟ್ಟೆ. ಮಾವನವರು ಸಿಕ್ಕ ಸಂದಿಯಲ್ಲಿ ನುಗ್ಗಿ, ‘ಭಲಾ! ಅದು ಎಂಥ ದೀಪವಯ್ಯ?’ ಎಂದು ಕೇಳಿದರು. ‘ಮೂರು ಶೆಲ್ಲಿನದು, ಮಹಾಪ್ರಭು’ ಎಂದೆ.

ಅಂಗಳ ಬಿದ್ದು ಬಿದ್ದು ನಕ್ಕಿತು. ಬೇಕೆಂದೇ ಮಾಡಿದ ಹಾಸ್ಯವೆಂದು ತಿಳಿದು ಮಾವನವರು ನನ್ನ ಬೆನ್ನು ತಟ್ಟಿದರು. ಕಂಬದ ಹತ್ತಿರ ಒಬ್ಬ ಮನುಷ್ಯ ಮಾತ್ರ ನಗದೆ ತಲೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಬಾಗಿಲ ಸಂದಿಯ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಮರುದಿನ ಶಿರಸಿಗೆ ಬಂದು ಇಬ್ಬರೇ ಆದಾಗ ಗೋದಾವರಿ ಬಟ್ಟೆ ಮಡಿಸುತ್ತ, ‘ಶೆಲ್ಲು ಮೂರನಾ? ಆನು ಎರಡು ಹೇಳಿ ತಿಳ್ಕಂಡಿದ್ದೆ’ ಎಂದಳು.

‘ನಿಂಗೆ ಗೊತ್ತಿತ್ತನೇ?’

‘ಮೊದಲ್ನೇ ತಿಂಗಳೇ ಗೊತ್ತಾತು. ನಮ್ಮ ಅಪ್ಪಯ್ಯ ತಾಳಮದ್ದಲೆಗೆ ಹೋಗ್ಬಂದ್ರೆ ಮೂರು ದಿನ ಪದ್ಯ ಗುನುಗ್ತ. ನಿಂಗ ಒಂದು ಸಾಲೂ ಗುನುಗ್ತ್ರಿಲ್ಲೆ. ಮತ್ಯಾರ ಮನೆ ಬಾಗ್ಲಿಗೆ ಹೋಗ್ತ್ರನ ಹೇಳಿ ಎದೆ ಒಡೆದು ಹೋದಂಗೆ ಆಗಿತ್ತು. ಆಮೇಲೆ ನಿಂಗಳ ಪಂಚೆ ಒಗೆಯಲೆ ತಗಂಡ್ರೆ ಅಂಚಿನ ತುಂಬ ಉಣುಗಿನ ಹುಳ ಕಚ್ಚಿ ಕೂತಿತ್ತು. ಕಾಡಿನ ಉಣುಗು! ಅದ್ನ ಕಂಡ ಮೇಲೆ ಸಮಾಧಾನ ಆತು. ಬೇರೆ ಹೆಂಗಸಿನ ಮನೆಗೆ ಹೋದವಕ್ಕೆ ಉಣುಗು ಹತ್ತತಿಲ್ಲೆ.’ ಮಡಿಸಿದ ಬಟ್ಟೆ ಎತ್ತಿಡುತ್ತ, ‘ಬೇಡನ ಪಾತ್ರ ಕೊಡು ಹೇಳಿ ಅಪ್ಪಯ್ಯಂಗೆ ಹೇಳಿದ್ದೂ ಆನೇಯ. ಬೇರೆ ಎಂತ ಕೊಟ್ಟಿದ್ರೂ ನಿಂಗಳ ಬಾಯಲ್ಲಿ ಮಾತು ಬತ್ತಿತ್ತಿಲ್ಲೆ’ ಎಂದಳು.

ನನಗೆ ನಾಚಿಕೆಯೂ ಆಯಿತು, ಹಿಡಿಸಲಾರದಷ್ಟು ಸಂತೋಷವೂ ಆಯಿತು. ಅಂದಿನಿಂದ ನನ್ನ ಶಿಕಾರಿಗೆ ಮನೆಯ ಅಪ್ಪಣೆ ಸಿಕ್ಕಿತು. ಭಾನುವಾರ ಬೆಳಿಗ್ಗೆ ಅವಳು ನನ್ನ ಪಂಚೆಯನ್ನು ಅಂಗಳದಲ್ಲಿ ಹರಡಿ, ಉಣುಗು ಆರಿಸಿ ಒಲೆಗೆ ಹಾಕುತ್ತ, ರಾತ್ರಿ ಏನೇನು ಕಂಡಿರಿ ಎಂದು ಕೇಳುವಳು, ನಾನು ಹೇಳುವೆ. ಇಷ್ಟರಲ್ಲಿ ನನ್ನ ಬೇಡನ ಪಾತ್ರದ ಕೀರ್ತಿ ಹಬ್ಬಿ, ಸಿದ್ದಾಪುರದವರು ಒಂದು ಶನಿವಾರ ತಾಳಮದ್ದಲೆಗೆ ಕರೆದರು. ಹೊರಡುವಾಗ ಗೋದಾವರಿಗೆ ಹೇಳಿಯೇ ಹೊರಟೆ. ಇಡೀ ರಾತ್ರಿ ಜಮಖಾನದ ಮೇಲೆ ಕುಳಿತು, ಬೆಳಿಗ್ಗೆ ಸರ್ವಿಸ್ ಮೋಟಾರಿನಲ್ಲಿ ಮನೆಗೆ ಬಂದು ಹಾಯಾಗಿ ಮಲಗಿದೆ. ಎದ್ದು ನೋಡಿದರೆ ಅವಳು ಅಂಗಳದಲ್ಲಿ ಪಂಚೆಯನ್ನು ಹರಡಿ ಕುಳಿತಿದ್ದಾಳೆ. ಅಂಚು ನೋಡಿದಳು, ಮಡಿಕೆ ಬಿಡಿಸಿ ನೋಡಿದಳು, ಮಗುಚಿ ಇನ್ನೊಮ್ಮೆ ಝಾಡಿಸಿದಳು. ಒಂದು ಉಣುಗೂ ಸಿಗಲಿಲ್ಲ. ಮುಖ ಗಂಟು ಹಾಕಿಕೊಂಡು ನನ್ನ ಕಡೆ ತಿರುಗಿ ಕೇಳಿದಳು:

‘ಖರೇ ಹೇಳಿ. ನಿನ್ನೆ ರಾತ್ರಿ ಎಲ್ಲಿಗೆ ಹೋಗಿದ್ರಿ?’